ಎಳೆ ಕೆಚ್ಚುವ ಮಿದುಳು

2018ರ ಸಂಕ್ರಾಂತಿ ಮುಗಿದ ವಾರ ಗುಳೇದಗುಡ್ಡದಲ್ಲಿರುವ ನನ್ನ ಚಿಕ್ಕಪ್ಪನಿಗೆ, ನಮ್ಮ ಕಡೆಯ ಮಾತಿನಲ್ಲಿ ಕಾಕಾ ಅವರಿಗೆ, ಲಕ್ವಾ ಹೊಡೆಯಿತು. ನಸುಕಿನಲ್ಲಿ ಎದ್ದು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವರು ಲಾಳಿಯ ಹಗ್ಗ ಜಗ್ಗಲು ಹೋದರೆ ಬಲಗೈ ಏಳಲಿಲ್ಲ. ಮಗನನ್ನು ಕೂಗಲು ಹೋದರೆ ಮಾತು ತೊದಲಿತು. ಆಗ ಅವರಿಗೆ ಐವತ್ತಾರು ವರ್ಷ. ಅದರಲ್ಲಿ ನಲವತ್ತನ್ನು ಖಣ ನೇಯುವುದರಲ್ಲಿಯೇ ಕಳೆದವರು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಇಳಕಲ್ ಸೀರೆಯ ಜೊತೆ ತೊಡುವ, ಉಡಿ ತುಂಬುವಾಗ ತ್ರಿಕೋನಾಕಾರದಲ್ಲಿ ಮಡಿಚಿ ಇಡುವ ಆ ಕುಪ್ಪಸದ ಬಟ್ಟೆಯಿಂದಲೇ ನಮ್ಮ ಊರಿನ ಹೆಸರು ಹೊರಗಿನವರಿಗೆ ಗೊತ್ತು.

ಬಡಿದದ್ದು ಲಕ್ವಾ ಎಂದು ಗುರುತಿಸಲು ಯಾರಿಗೂ ಹೊತ್ತು ಬೇಕಾಗಲಿಲ್ಲ. ಮುಂದೇನು ಮಾಡಬೇಕೆಂದು ತೀರ್ಮಾನಿಸುವುದಕ್ಕೆ ಮಾತ್ರ ಅರ್ಧ ದಿನ ಹೋಯಿತು. ಒಬ್ಬರು ಪಾರಿವಾಳದ ರಕ್ತ ಹಚ್ಚಿ ತಿಕ್ಕಬೇಕೆಂದರು. ಇನ್ನೊಬ್ಬರು ನಾಟಿ ಔಷಧಿ ಕೊಡುವವರ ಊರು ಹೇಳಿದರು. ಬಾಗಲಕೋಟೆಯ ಆಸ್ಪತ್ರೆ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಮಿದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಗಡುವು ದಾಟಿಹೋಗಿತ್ತು. ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಅಮೆರಿಕದ ನರವೈದ್ಯ ಜೆಫ್ರಿ ಸೇವರ್ ಲೆಕ್ಕ ಹಾಕಿದ್ದರು. ಆ ಲೆಕ್ಕವನ್ನು ಓದಿದ ಮೇಲೆ ಪಾರಿವಾಳದ ಚರ್ಚೆ ನಡೆದ ಪ್ರತಿ ನಿಮಿಷವೂ ನನ್ನನ್ನು ಕಾಡುತ್ತದೆ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಆ ವಿಳಂಬದ ಕಥೆಯಲ್ಲ. ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ನಡೆಯಿತು, ಮತ್ತು ಅದನ್ನು ಮಾಡಿದವನು ನಾನು.

ಬೆಂಗಳೂರಿನಿಂದ ಓಡಿಬಂದವನು, ಮನೆಯಲ್ಲಿ ನಾಲ್ಕಕ್ಷರ ಹೆಚ್ಚು ಓದಿದವನು ಎಂಬ ಕಾರಣಕ್ಕೆ, ಎಂಟನೆಯ ದಿನ ಕಾಕಾ ಅವರನ್ನು ಮನೆಗೆ ಕರೆತಂದಾಗ ಎಲ್ಲರೂ ನನ್ನ ಮುಖ ನೋಡಿದರು. ಗುಳಿಗೆಗಳ ಚೀಟಿಯ ಕೊನೆಯಲ್ಲಿ ‘ವ್ಯಾಯಾಮ’ ಎಂಬ ಒಂದು ಪದವಿತ್ತು. ಯಾವ ವ್ಯಾಯಾಮ, ದಿನಕ್ಕೆಷ್ಟು ಸಲ, ಎಷ್ಟು ತಿಂಗಳು ಎಂಬುದು ಅಲ್ಲಿರಲಿಲ್ಲ. ನಾನೂ ಕೇಳಿರಲಿಲ್ಲ. “ಕಾಕಾಗ ಯಾವ ತ್ರಾಸೂ ಕೊಡಬ್ಯಾಡ್ರಿ, ಆರು ತಿಂಗಳು ಪೂರ್ತಿ ವಿಶ್ರಾಂತಿ ಇರಲಿ” ಎಂದು ಅಪ್ಪಣೆ ಕೊಡಿಸಿ ಬೆಂಗಳೂರಿಗೆ ಹಿಂತಿರುಗಿದೆ.

ಅಪ್ಪಣೆ ಚಾಚೂ ತಪ್ಪದೆ ಪಾಲನೆಯಾಯಿತು. ಚಿಗವ್ವ ಮೂರು ಹೊತ್ತೂ ತುತ್ತು ಮಾಡಿ ಬಾಯಿಗಿಟ್ಟಳು. ಮಗ ಅಂಗಿ ತೊಡಿಸಿದ. ಮೊಮ್ಮಗಳು ಚಹಾದ ಬಟ್ಟಲು ಹಿಡಿದಳು. ಮಾತು ಹದಿನೈದು ದಿನಗಳಲ್ಲಿ ತಾನಾಗಿ ತಿಳಿಯಾಯಿತು, ಕಾಲಿಗೆ ಗೋಡೆ ಹಿಡಿದು ನಡೆಯುವಷ್ಟು ಕಸುವು ಬಂತು. ಬಲಗೈ ಮಾತ್ರ ಬೇರೆ ಯಾರದೋ ವಸ್ತುವಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಅಷ್ಟು ಪ್ರೀತಿಯಿಂದ ನೋಡಿಕೊಳ್ಳುವ ಮನೆಯನ್ನು ಕಂಡು ಊರಿನವರು ಪುಣ್ಯವಂತ ಎಂದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ನನ್ನ ಅಜ್ಞಾನಕ್ಕೆ ದೊಡ್ಡವರ ಆಸರೆಯೂ ಇತ್ತೆನ್ನಬೇಕು. ನರಕೋಶಗಳ ರಚನೆಯನ್ನು ಲೋಕಕ್ಕೆ ತೋರಿಸಿ 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ರಾಮೋನ್ ಇ ಕಹಾಲ್, ವಯಸ್ಕರ ಮಿದುಳಿನಲ್ಲಿ ನರಮಾರ್ಗಗಳು ಸ್ಥಿರವಾದವು, ಒಮ್ಮೆ ನಾಶವಾದದ್ದು ಮರಳಿ ಹುಟ್ಟುವುದಿಲ್ಲ ಎಂಬ ಅಭಿಪ್ರಾಯಕ್ಕೆ ಬಂದಿದ್ದರು. ಮುಂದಿನ ವಿಜ್ಞಾನ ಇದನ್ನು ಬದಲಿಸಬಹುದು ಎಂಬ ಆಸೆಯನ್ನೂ ಅವರು ವ್ಯಕ್ತಪಡಿಸಿದ್ದುಂಟು. ಆದರೆ ಶಿಷ್ಯಪರಂಪರೆ ಹಿಡಿದುಕೊಂಡದ್ದು ತೀರ್ಪನ್ನು, ಆಸೆಯನ್ನಲ್ಲ. ಮಿದುಳೆಂದರೆ ಕಟ್ಟಿ ಮುಗಿಸಿದ ಮನೆ, ಗೋಡೆ ಬಿದ್ದರೆ ಬಿದ್ದದ್ದೇ ಎಂಬ ನಂಬಿಕೆ ವೈದ್ಯಕೀಯ ಪಠ್ಯಗಳಲ್ಲಿ ದಶಕಗಳ ಕಾಲ ಉಳಿಯಿತು. ಗೋಡೆ ಬಿದ್ದ ಮನೆಯಲ್ಲಿ ಮಾಡುವುದಕ್ಕೆ ಏನಿರುತ್ತದೆ? ವಿಶ್ರಾಂತಿಯೊಂದೇ ಅಲ್ಲವೇ?

ಈ ನಂಬಿಕೆ ಒಂದೇ ದಿನ ಕುಸಿಯಲಿಲ್ಲ. ಜೊತೆಜೊತೆಯಾಗಿ ಕೆಲಸ ಮಾಡುವ ನರಕೋಶಗಳ ನಡುವಿನ ನಂಟು ಗಟ್ಟಿಯಾಗುತ್ತದೆ ಎಂದು ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ 1949ರಲ್ಲಿ ವಾದಿಸಿದರು. ಅದು ವಾದವಾಗಿಯೇ ಬಹುಕಾಲ ಉಳಿಯಿತು. ನನ್ನ ಮಟ್ಟಿಗೆ ಕಣ್ಣು ತೆರೆಸಿದ್ದು 1996ರಲ್ಲಿ ಅಮೆರಿಕದ ರ್‍ಯಾಂಡಾಲ್ಫ್ ನ್ಯೂಡೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳು. ಪುಟ್ಟ ಕೋತಿಗಳ ಮಿದುಳಿನಲ್ಲಿ ಕೈಬೆರಳುಗಳನ್ನು ಆಡಿಸುವ ಭಾಗದ ಒಂದು ಚೂರಿಗೆ ಅವರು ಪಾರ್ಶ್ವವಾಯುವಿನಂಥ ಪೆಟ್ಟು ಕೊಟ್ಟರು. ಕೆಲವು ಕೋತಿಗಳನ್ನು ಅವುಗಳ ಪಾಡಿಗೆ ಬಿಟ್ಟರು. ಪೆಟ್ಟು ಬಿದ್ದದ್ದು ಚೂರಿಗೇ ಆದರೂ ಆ ಕೋತಿಗಳಲ್ಲಿ ಸುತ್ತಲಿನ ಆರೋಗ್ಯವಂತ ಭಾಗವೂ ಬೆರಳುಗಳ ಹಿಡಿತವನ್ನು ಕ್ರಮೇಣ ಕಳೆದುಕೊಂಡಿತು. ಬೇರೆ ಕೆಲವಕ್ಕೆ ಸಣ್ಣ ಗುಳಿಗಳಿಂದ ಆಹಾರದ ಉಂಡೆಯನ್ನು ಅದೇ ಕೈಯಿಂದ ತೆಗೆದು ತಿನ್ನುವ ತರಬೇತಿ ಕೊಟ್ಟರು. ಗುಳಿಗಳು ದಿನಗಳೆದಂತೆ ಕಿರಿದಾಗುತ್ತ ಹೋದವು. ಈ ಕೋತಿಗಳಲ್ಲಿ ಬೆರಳಿನ ಭಾಗ ಉಳಿಯಿತು. ಅಷ್ಟೇ ಅಲ್ಲ, ಕೆಲವೆಡೆ ಅದು ಮೊದಲು ಮೊಣಕೈ ಮತ್ತು ಭುಜಕ್ಕೆ ಸೇರಿದ್ದ ನೆರೆಯ ಜಾಗಕ್ಕೂ ಹಬ್ಬಿತು.

ಸತ್ತ ನರಕೋಶ ಬದುಕಿ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಬದುಕಿರುವವು ಹೊಸ ಕವಲು ಚಾಚಿದವು, ಸುಮ್ಮನಿದ್ದ ಹಳೆಯ ಸಂಪರ್ಕಗಳು ಎಚ್ಚರಗೊಂಡವು, ಹೊಣೆ ಕೈಬದಲಾಯಿತು. ಸುಮಾರು 8,600 ಕೋಟಿ ನರಕೋಶಗಳಿರುವ ಮನುಷ್ಯನ ಮಿದುಳಿಗೂ ಈ ಗುಣ ಬದುಕಿನುದ್ದಕ್ಕೂ ಉಳಿದಿರುತ್ತದೆ. ಇದನ್ನೇ ನ್ಯೂರೋಪ್ಲಾಸ್ಟಿಸಿಟಿ, ಮಿದುಳಿನ ನಮ್ಯತೆ ಎನ್ನುತ್ತಾರೆ. ನನ್ನನ್ನು ಚುಚ್ಚಿದ್ದು ತರಬೇತಿ ಪಡೆದ ಕೋತಿಗಳ ಗೆಲುವಲ್ಲ. ಅವುಗಳ ಪಾಡಿಗೆ ಬಿಟ್ಟ ಕೋತಿಗಳ ನಷ್ಟ. ಬಳಸದ ಕೈ ಇದ್ದಲ್ಲಿಯೇ ಇರುವುದಿಲ್ಲ, ಇನ್ನಷ್ಟು ಹಿಂದಕ್ಕೆ ಹೋಗುತ್ತದೆ.

ಇದಕ್ಕೆ ಅಮೆರಿಕದ ಎಡ್ವರ್ಡ್ ಟಾಬ್ ಮೊದಲೇ ಒಂದು ಹೆಸರಿಟ್ಟಿದ್ದರು. ಕಲಿತುಕೊಂಡ ನಿಷ್ಕ್ರಿಯತೆ ಎಂದು ಕನ್ನಡದಲ್ಲಿ ಹೇಳಬಹುದು. ಪೆಟ್ಟಾದ ಹೊಸತರಲ್ಲಿ ಕೈ ಆಡಿಸಲು ಯತ್ನಿಸಿ ಸೋತವನಿಗೆ, ಆಮೇಲೆ ಆಡಿಸಲು ಸಾಧ್ಯವಾದ ಮೇಲೂ, ಯತ್ನಿಸಬೇಕೆಂದೇ ಅನ್ನಿಸುವುದಿಲ್ಲ. ಸರಿಯಿರುವ ಕೈ ಎಲ್ಲವನ್ನೂ ಮಾಡಿಬಿಡುತ್ತದೆ. (ಟಾಬ್ ಅವರ ಪ್ರಯೋಗಶಾಲೆಯ ಕೋತಿಗಳ ಸ್ಥಿತಿಯ ಬಗ್ಗೆ 1981ರಲ್ಲಿ ದೊಡ್ಡ ವಿವಾದವೆದ್ದು ನ್ಯಾಯಾಲಯದವರೆಗೂ ಹೋಯಿತು. ನಮಗೆ ದಕ್ಕಿದ ಈ ಜ್ಞಾನದ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ಮರೆಯಬಾರದು.) ಅವರು ಕಂಡುಕೊಂಡ ಚಿಕಿತ್ಸೆ ಕೇಳಲು ಕ್ರೂರ: ಸರಿಯಿರುವ ಕೈಗೆ ದಪ್ಪ ಕೈಚೀಲ ತೊಡಿಸಿ ಅದನ್ನು ನಿರುಪಯೋಗಿ ಮಾಡುವುದು, ದಿನಕ್ಕೆ ಹಲವು ಗಂಟೆ ಸೋತ ಕೈಯಿಂದಲೇ ಕೆಲಸ ಮಾಡಿಸುವುದು. ಪಾರ್ಶ್ವವಾಯು ತಗುಲಿ ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಮಂದಿಯ ಮೇಲೆ ಎರಡು ವಾರಗಳ ಈ ಕ್ರಮವನ್ನು ಪರೀಕ್ಷಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕೈಬಳಕೆಯಲ್ಲಿ ಗಣನೀಯ ಸುಧಾರಣೆ ಕಂಡುಬಂದಿತ್ತು. ಆದರೆ ಮಣಿಕಟ್ಟು ಮತ್ತು ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದವರಿಗೆ ಮಾತ್ರ ಅದು ಅನ್ವಯಿಸುತ್ತದೆ.

ಇದೆಲ್ಲ ನನಗೆ ತಿಳಿದದ್ದು ನಾಲ್ಕು ತಿಂಗಳು ಕಳೆದ ಮೇಲೆ, ಗೆಳೆಯರೊಬ್ಬರು ಕೊಟ್ಟ ನಾರ್ಮನ್ ಡಾಯ್ಜ್ ಅವರ 2007ರ ಪುಸ್ತಕದಿಂದ ಮತ್ತು ಅದರ ಬೆನ್ನು ಹಿಡಿದು ಓದಿದ ಲೇಖನಗಳಿಂದ. ಆ ಪುಸ್ತಕದಲ್ಲಿ ನ್ಯೂಯಾರ್ಕಿನ ಅಧ್ಯಾಪಕ ಪೆಡ್ರೊ ಬಾಕ್-ಇ-ರಿಟಾ ಅವರ ಕಥೆ ಬರುತ್ತದೆ. ಪಾರ್ಶ್ವವಾಯು ಬಡಿದ ಆ ಮುದುಕರನ್ನು ವೈದ್ಯ ವಿದ್ಯಾರ್ಥಿಯಾಗಿದ್ದ ಮಗ ಮಗುವಿನ ಹಾಗೆ ಅಂಬೆಗಾಲಿಡಿಸಿದ, ಸೋತ ಕೈಯಿಂದ ಪಾತ್ರೆ ತಿಕ್ಕಿಸಿದ. ನೆರೆಯವರು ಛೀಮಾರಿ ಹಾಕಿದರು. ಅವರು ಮತ್ತೆ ಪಾಠ ಹೇಳಲು ಹೋದರು. ಕೆಲವು ವರ್ಷಗಳ ನಂತರ ಪರ್ವತಪ್ರದೇಶದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಮಿದುಳನ್ನು ಪರೀಕ್ಷಿಸಿದರೆ, ಹೊರಪದರದಿಂದ ಬೆನ್ನುಹುರಿಗೆ ಹೋಗುವ ನರತಂತುಗಳಲ್ಲಿ ಶೇ 97ರಷ್ಟು ನಾಶವಾಗಿಯೇ ಇದ್ದವಂತೆ.

ಇದನ್ನು ಓದಿದ ಉತ್ಸಾಹದಲ್ಲಿ ಒಂದು ದಪ್ಪ ಕೈಚೀಲ ಕೊಂಡು ಊರಿಗೆ ಹೋದೆ. ಕಾಕಾ ಅವರ ಎಡಗೈಗೆ ಅದನ್ನು ತೊಡಿಸಲು ಹೋದಾಗ ಚಿಗವ್ವ ನನ್ನ ಕೈ ಹಿಡಿದಳು. “ಇರೋದು ಒಂದು ಕೈ, ಅದನ್ನೂ ಕಟ್ಟಿ ಹಾಕ್ತಿಯೇನೋ ತಮ್ಮಾ?” ನಾಲ್ಕು ತಿಂಗಳ ಹಿಂದೆ ವಿಶ್ರಾಂತಿಯ ಅಪ್ಪಣೆ ಕೊಟ್ಟ ಬಾಯಿಯೇ ಈಗ ಇದನ್ನು ಹೇಳಿದರೆ ಯಾರು ನಂಬುತ್ತಾರೆ? ಕೈಚೀಲ ಗೂಟಕ್ಕೆ ಏರಿತು.

ನನ್ನಿಂದ ಆಗದ್ದನ್ನು ಚಿಕೂನ್‌ಗುನ್ಯಾ ಮಾಡಿತು. ಅದೇ ಮಳೆಗಾಲದಲ್ಲಿ ಚಿಗವ್ವ ಕೀಲುನೋವಿನಿಂದ ಹಾಸಿಗೆ ಹಿಡಿದಳು. ತುತ್ತು ಇಡುವವರಿಲ್ಲ. ಅದಕ್ಕಿಂತ ಕಷ್ಟವೆಂದರೆ ಕಂಡಿಕೆ ಸುತ್ತುವವರಿಲ್ಲ. ಮಗ್ಗದ ಮನೆಯ ಲೆಕ್ಕಾಚಾರ ತಿಳಿಯದವರಿಗೆ ಹೇಳಬೇಕು: ನೇಯುವವನು ಒಬ್ಬನಾದರೂ ಅವನ ಹಿಂದೆ ಇಡೀ ಮನೆ ದುಡಿಯುತ್ತಿರುತ್ತದೆ. ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ಹೊಕ್ಕಿನ ನೂಲನ್ನು ರಾಟಿಯಿಂದ ಸುತ್ತಿಕೊಡುವುದು ಹೆಂಗಸರ, ಮುದುಕರ, ಶಾಲೆಯಿಂದ ಬಂದ ಮಕ್ಕಳ ಕೆಲಸ. ಕಂಡಿಕೆ ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ. ಮಗ ಮಗ್ಗದ ಕುಣಿಯಿಂದ ಎದ್ದು ತಾನೇ ರಾಟಿಗೆ ಕೂರುವುದನ್ನು ಎರಡು ದಿನ ನೋಡಿದ ಕಾಕಾ ಮೂರನೆಯ ದಿನ ಗೋಡೆ ಹಿಡಿದು ಬಂದು ರಾಟಿಯ ಮುಂದೆ ಕುಳಿತರು. ಎಡಗೈಯಿಂದ ಬಲಗೈಯನ್ನು ಎತ್ತಿ ರಾಟಿಯ ಹಿಡಿಕೆಯ ಮೇಲಿಟ್ಟರು. ಎಡಗೈ ನೂಲು ಹಿಡಿಯಲೇಬೇಕಾದ್ದರಿಂದ ಬಲಗೈ ತಿರುಗಿಸಲೇಬೇಕಾಯಿತು. ಯಾವ ಕೈಚೀಲವೂ ಇಲ್ಲದೆ ಎಡಗೈ ಕಟ್ಟಿಬಿದ್ದಿತು.

ಮೊದಲ ದಿನ ಹಿಡಿಕೆ ಜಾರಿದ್ದೇ ಹೆಚ್ಚು. ಮಗ ಬಟ್ಟೆಯ ಪಟ್ಟಿಯಿಂದ ಬೆರಳುಗಳನ್ನು ಹಿಡಿಕೆಗೆ ಸಡಿಲವಾಗಿ ಸುತ್ತಿಕೊಟ್ಟ. ತಿರುಗಿಸುವುದು ಭುಜದಿಂದ ಆರಂಭವಾಗಿ, ವಾರಗಳ ನಂತರ ಮೊಣಕೈಗೆ ಇಳಿಯಿತು. ಗಣೇಶ ಚೌತಿಗೆ ನಾನು ಹೋದಾಗ ಪಟ್ಟಿ ಇರಲಿಲ್ಲ. ಬೆರಳುಗಳು ತಾವೇ ಹಿಡಿದಿದ್ದವು. ಎಣಿಸುತ್ತ ಕುಳಿತೆ, ಒಂದು ಕಂಡಿಕೆ ತುಂಬುವ ಮೊದಲೇ ಇನ್ನೂರು ಸುತ್ತು ದಾಟಿ ಎಣಿಕೆ ತಪ್ಪಿತು. ಈ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಕ್ಯಾಥರಿನ್ ಲ್ಯಾಂಗ್ ಮತ್ತು ಸಂಗಡಿಗರು ಅಮೆರಿಕ, ಕೆನಡಾಗಳ ಚಿಕಿತ್ಸಾ ಕೇಂದ್ರಗಳಲ್ಲಿ ಕುಳಿತು ಎಣಿಸಿ 2009ರಲ್ಲಿ ವರದಿ ಮಾಡಿದ ಪ್ರಕಾರ, ಕೈಗೆ ಉಪಯುಕ್ತ ಕೆಲಸ ಕಲಿಸುವ ಒಂದು ಅವಧಿಯಲ್ಲಿ ರೋಗಿ ಆ ಚಲನೆಯನ್ನು ಮಾಡುವುದು ಸರಾಸರಿ 32 ಬಾರಿ. ಪ್ರಾಣಿಗಳ ಪ್ರಯೋಗಗಳಲ್ಲಿ ಮಿದುಳು ಬದಲಾದದ್ದು ದಿನಕ್ಕೆ ನೂರಾರು ಪುನರಾವರ್ತನೆಗಳಿಂದ. ಸುಮ್ಮನೆ ಕೈ ಬೀಸಿದರೂ ಸಾಲದು. ಮಾಡುವ ಕೆಲಸದಲ್ಲಿ ಗಮನವಿರಬೇಕು, ತಪ್ಪಿದ್ದು ತಕ್ಷಣ ತಿಳಿಯಬೇಕು. ರಾಟಿಯಲ್ಲಿ ತಪ್ಪಿದರೆ ಎಳೆ ಹರಿಯುತ್ತದೆ. ಅದಕ್ಕಿಂತ ಒಳ್ಳೆಯ ಮೇಷ್ಟರು ಯಾರಿದ್ದಾರೆ?

ಹೀಗೆಂದು ನಾನು ರಾಟಿಯನ್ನು ಚಿಕಿತ್ಸೆಯೆಂದು ಸಾರಲು ಹೊರಟಿಲ್ಲ. ಒಬ್ಬ ಪೆಡ್ರೊ, ಒಬ್ಬ ಕಾಕಾ ಸಾಕ್ಷ್ಯವಾಗಲಾರರು. ಮನೆಯವರಿಗೇ ತರಬೇತಿ ಕೊಟ್ಟು ಅವರಿಂದಲೇ ಪುನಶ್ಚೇತನ ಮಾಡಿಸಬಹುದೇ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದ ‘ಅಟೆಂಡ್’ ಅಧ್ಯಯನದ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಆರು ತಿಂಗಳ ನಂತರ ಸತ್ತವರು ಅಥವಾ ಪರಾವಲಂಬಿಗಳಾಗಿ ಉಳಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಶೇ 47. ಅಂದರೆ ಮನೆಯವರ ಕೈಗೆ ಒಂದು ಕೈಪಿಡಿ ಕೊಟ್ಟು ತಜ್ಞರ ಜಾಗವನ್ನು ತುಂಬಲಾಗದು. ಅತ್ಯುತ್ಸಾಹವೂ ಸಲ್ಲದು. ಪಾರ್ಶ್ವವಾಯು ಬಡಿದ 24 ಗಂಟೆಯೊಳಗೇ ರೋಗಿಯನ್ನು ಪದೇಪದೇ ಎಬ್ಬಿಸಿ ನಡೆದಾಡಿಸುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚೆಂದು 2015ರ ‘ಅವರ್ಟ್’ ಅಧ್ಯಯನ ತೋರಿಸಿದೆ. ಯಾವಾಗ, ಎಷ್ಟು, ಹೇಗೆ ಎಂಬುದನ್ನು ಹೇಳಬಲ್ಲವರು ಬೇಕು. ಕೈಚೀಲದೊಂದಿಗೆ ಹೋದ ನಾನು ಆ ಮನುಷ್ಯನಾಗಿರಲಿಲ್ಲ.

ನಮ್ಯತೆ ಎಂಬ ಪದಕ್ಕೆ ಈಗ ಒಂದು ಮಂಗಳಕರ ಧ್ವನಿ ಬಂದುಬಿಟ್ಟಿದೆ. ಮಿದುಳು ಒಳಿತಿಗೆ ಮಾತ್ರ ಬಾಗುತ್ತದೆ ಎಂಬಂತೆ ನಾವು ಮಾತನಾಡುತ್ತೇವೆ. ಬೆಂಗಳೂರಿನಲ್ಲಿಯೇ ನಡೆದ ಕೆಲಸವೊಂದು ಬೇರೆಯದನ್ನೇ ಹೇಳುತ್ತದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು ಇಲಿಗಳನ್ನು ದಿನವೂ ಕೆಲಹೊತ್ತು ಅಲುಗಾಡದಂತೆ ಹಿಡಿದಿಟ್ಟು ಅವುಗಳ ಮಿದುಳನ್ನು ಪರೀಕ್ಷಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದಲ್ಲಿ ಅವು ಬೆಳೆದಿದ್ದವು. 21 ದಿನ ಇಲಿಗಳನ್ನು ನೆಮ್ಮದಿಯಾಗಿ ಬಿಟ್ಟರೆ ಮೊದಲನೆಯದು ಸರಿಹೋಗುತ್ತದೆ, ಎರಡನೆಯದು ಹಾಗೆಯೇ ಉಳಿಯುತ್ತದೆ ಎಂದು 2004ರ ಅಧ್ಯಯನ ತೋರಿಸಿತು. ಭಯವೂ ಒಂದು ಕಲಿಕೆ, ಅದನ್ನೂ ಮಿದುಳು ಅಷ್ಟೇ ಶ್ರದ್ಧೆಯಿಂದ ಕಲಿಯುತ್ತದೆ. ಪಾರ್ಶ್ವವಾಯು ಬಡಿದವರಲ್ಲಿ ಸರಿಸುಮಾರು ಮೂವರಲ್ಲೊಬ್ಬರನ್ನು ಖಿನ್ನತೆ ಕಾಡುತ್ತದೆ. ಆ ನಾಲ್ಕು ತಿಂಗಳು ಕಾಕಾ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದುದನ್ನು ನಾವು ಆಯಾಸವೆಂದು ತಿಳಿದಿದ್ದೆವು.

ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ‘ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್’ ಎಂಬ ಕಾರ್ಯಕ್ರಮವನ್ನು ಮೊದಲು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಆರಂಭಿಸಿದವು. ಪಾರ್ಶ್ವವಾಯು, ಅಪಸ್ಮಾರ, ತಲೆನೋವು, ಮರೆವಿನ ಕಾಯಿಲೆಗಳನ್ನು ಸ್ಥಳೀಯ ವೈದ್ಯರೇ ಗುರುತಿಸಿ ನಿಭಾಯಿಸುವಂತಾಗಬೇಕು ಎಂಬ ಅದರ ಆಶಯ ಸರಿಯಾದದ್ದೇ. ಆದರೆ ಪಾರ್ಶ್ವವಾಯುವಿನ ವಿಷಯದಲ್ಲಿ ಆಸ್ಪತ್ರೆಯ ವಾರ ಸಣ್ಣದು, ಮನೆಯ ತಿಂಗಳುಗಳು ದೊಡ್ಡವು. ಚೇತರಿಕೆಯ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲಿಯೇ ಆಗುತ್ತದೆ. ಆ ಮೂರು ತಿಂಗಳಲ್ಲಿ ರೋಗಿ ಇರುವುದು ಮನೆಯಲ್ಲಿ. ವ್ಯಾಯಾಮ ಹೇಳಿಕೊಡುವವರನ್ನು ಕಾಣಲು ಸೋತ ಕಾಲಿನ ಮನುಷ್ಯ ಬಸ್ಸು ಹತ್ತಿ ಬಾಗಲಕೋಟೆಗೆ ಹೋಗಬೇಕು, ಜೊತೆಗೊಬ್ಬರು ಬೇಕು, ಇಬ್ಬರ ಆ ದಿನದ ಕೂಲಿ ಹೋಗಬೇಕು. ನಾವು ಹೋದದ್ದು ಎರಡೇ ಸಲ. ವಾರಕ್ಕೊಮ್ಮೆ ಬಾಗಿಲಿಗೆ ಬಂದು ‘ನಿನ್ನೆ ಎಷ್ಟು ಸಲ ಮಾಡಿದಿರಿ’ ಎಂದು ಕೇಳುವ ಒಬ್ಬ ತರಬೇತಾದ ವ್ಯಕ್ತಿ ಇದ್ದಿದ್ದರೆ ನನ್ನ ಅಪ್ಪಣೆ ಎರಡನೆಯ ವಾರಕ್ಕೇ ರದ್ದಾಗುತ್ತಿತ್ತು.

ಕಾಕಾ ಈಗ ಹೇಗಿದ್ದಾರೆ ಎಂದು ಓದುಗರು ಕೇಳಬಹುದು. ಬಲಗೈಯಿಂದ ರೊಟ್ಟಿ ಮುರಿಯುತ್ತಾರೆ, ಬಟ್ಟಲು ಹಿಡಿಯುತ್ತಾರೆ, ಅಂಗಿಯ ಮೇಲಿನ ಗುಂಡಿ ಬಿಟ್ಟು ಉಳಿದವನ್ನು ಹಾಕಿಕೊಳ್ಳುತ್ತಾರೆ. ಮಗ್ಗಕ್ಕೆ ಮಾತ್ರ ಮರಳಲಿಲ್ಲ. ನೇಕಾರಿಕೆಯಲ್ಲಿ ಕೆಚ್ಚುವುದು ಎಂಬ ಕೆಲಸವಿದೆ. ಹಳೆಯ ಹಾಸು ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೆಬ್ಬೆರಳು-ತೋರುಬೆರಳುಗಳ ನಡುವೆ ಹೊಸೆದು ಕೂಡಿಸುವುದು. ಸಾವಿರಾರು ಎಳೆಗಳು. ಆ ಹೊಸೆತ ಅವರ ಬಲಗೈಗೆ ಮತ್ತೆ ಬರಲೇ ಇಲ್ಲ. ಅವರು ಅದನ್ನು ಎಡಗೈಗೆ ಕಲಿಸಿದರು. ಬಲಗೈ ಎಳೆಯ ತುದಿಯನ್ನು ಒತ್ತಿ ಹಿಡಿಯುತ್ತದೆ, ಅಷ್ಟೇ. ಹಳೆಯ ಚಲನೆ ಮರಳುವುದು ಒಂದು, ಬೇರೆ ದಾರಿಯಿಂದ ಕೆಲಸ ಸಾಧಿಸುವುದು ಇನ್ನೊಂದು ಎಂದು ತಜ್ಞರು ಎರಡನ್ನೂ ಬೇರೆಬೇರೆಯಾಗಿ ಎಣಿಸುತ್ತಾರೆ. ಮೊದಲ ನಾಲ್ಕು ತಿಂಗಳನ್ನು ನಾನು ಕಸಿದುಕೊಳ್ಳದಿದ್ದರೆ ಹೊಸೆತ ಬಲಗೈಗೇ ಬರುತ್ತಿತ್ತೇ? ಈ ಪ್ರಶ್ನೆಯನ್ನು ಕಾಕಾ ಒಮ್ಮೆಯೂ ಎತ್ತಿಲ್ಲ.

ಕಳೆದ ದೀಪಾವಳಿಗೆ ಹೋದಾಗ ಅವರು ಬಾಗಿಲ ಬೆಳಕಿಗೆ ಕುಳಿತು ಕೆಚ್ಚುತ್ತಿದ್ದರು. ನಾನೂ ಪಕ್ಕದಲ್ಲಿ ಕುಳಿತು, ಬೆರಳಿಗೆ ಬೂದಿ ಸವರಿಕೊಂಡು ಎರಡು ಎಳೆ ಹಿಡಿದು ಹೊಸೆದೆ. ಜಗ್ಗಿ ನೋಡಿದರೆ ಬಿಚ್ಚಿಕೊಂಡವು. ಇನ್ನೊಮ್ಮೆ ಹೊಸೆದೆ, ಮತ್ತೆ ಬಿಚ್ಚಿಕೊಂಡವು. ಕಾಕಾ ಮಾತಾಡಲಿಲ್ಲ. ಬಲಗೈಯ ಹೆಬ್ಬೆರಳಿನಿಂದ ಎಳೆಯ ತುದಿಗಳನ್ನು ಒತ್ತಿ ಹಿಡಿದು, ಎಡಗೈಯನ್ನು ನನ್ನ ಕಣ್ಣಿನ ಹತ್ತಿರ ತಂದು, ನಿಧಾನವಾಗಿ ಮೊದಲಿನಿಂದ ತೋರಿಸಿದರು.